ಹಳೇ ಎಂಎಂ 540 ಜೀಪ್: ಕಡಿಮೆ ಖರ್ಚಲ್ಲಿ ಎಲ್ಲಿಂದ ಶುರು ಮಾಡಲಿ?

ಸಕಲೇಶಪುರದವನು:
ದೊಡ್ಡಪ್ಪನ ಮಹೀಂದ್ರ ಎಂಎಂ 540 ಫೋರ್ ವ್ಹೀಲ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗೋ) ಜೀಪ್ ವರ್ಷಗಟ್ಟಲೆ ತೋಟದ ಶೆಡ್ಡಿನಲ್ಲೇ ನಿಂತಿದೆ. ಪ್ಯೂಜೋ 2112 ಸಿಸಿ ಡೀಸೆಲ್ ಇಂಜಿನ್. ಗುಜರಿಗೆ ಹಾಕೋಕೆ ಮನಸ್ಸಿಲ್ಲ. ಮನೆಯಲ್ಲೇ ಸ್ವಲ್ಪ ಸ್ವಲ್ಪ ದುಡ್ಡು ಹಾಕಿ ಸರಿ ಮಾಡಬೇಕು. ಮೊದಲು ಪೇಂಟ್ ಮಾಡಿಸಲಾ, ಇಂಜಿನ್ ಬಿಚ್ಚಲಾ?

ಹಳೇಗೇರ್:
ಪೇಂಟ್ ಕೊನೆಗೆ ಸರ್. ಮೊದಲು ಚಾಸಿ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಕೆಳಗೆ ಮಲಗಿ ನೋಡಿ, ಪಟ್ಟಾ (ಲೀಫ್ ಸ್ಪ್ರಿಂಗ್) ಕೂರುವ ಜಾಗದಲ್ಲಿ ಸುತ್ತಿಗೆಯಿಂದ ತಟ್ಟಿದರೆ ತುಕ್ಕು ಎಷ್ಟು ಒಳಗೆ ಹೋಗಿದೆ ಅಂತ ಗೊತ್ತಾಗುತ್ತೆ, ಅಲ್ಲಿ ತೂತು ಬಿದ್ದಿದ್ದರೆ ಬೇರೆ ಯಾವುದಕ್ಕೂ ಒಂದು ರೂಪಾಯಿ ಹಾಕಬೇಡಿ. ಇಂಜಿನ್ ಸುಮ್ನೆ ತಳ್ಳಿ ಸ್ಟಾರ್ಟ್ ಮಾಡಬೇಡಿ. ಇಂಜೆಕ್ಟರ್ (ಇಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ಭಾಗ) ಬಿಚ್ಚಿ, ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು, ಮಾರನೇ ದಿನ ಸ್ಪ್ಯಾನರ್ ಹಾಕಿ ಇಂಜಿನ್ನನ್ನು ಕೈಯಲ್ಲೇ ತಿರುಗಿಸಿ. ಸಲೀಸಾಗಿ ತಿರುಗಿದರೆ ಇಂಜಿನ್ ಬಿಚ್ಚುವ ಖರ್ಚೇ ಉಳಿಯಬಹುದು. ಡೀಸೆಲ್ ಟ್ಯಾಂಕ್ ಇಳಿಸಿ ತೊಳೆಯಿರಿ, ಫಿಲ್ಟರ್ ಹೊಸದು ಹಾಕಿ. ಬ್ರೇಕಿನಲ್ಲಿ ಮಾತ್ರ ಜಿಪುಣತನ ಬೇಡ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋ ಭಾಗ) ಕಿಟ್, ಹೋಸ್ ಎಲ್ಲಾ ಹೊಸದೇ ಇರಲಿ.

ಆರ್‌ಸಿಮೊದಲು:
ದುಡ್ಡು ಹಾಕೋ ಮುಂಚೆ ಆರ್‌ಸಿ ತೆಗೆದು ಚಾಸಿ ನಂಬರ್, ಇಂಜಿನ್ ನಂಬರ್ ಎರಡೂ ಹೋಲಿಸಿ. ಸ್ವಂತ ಗಾಡಿಗೆ 15 ವರ್ಷ ಆದಮೇಲೆ ಫಾರ್ಮ್ 25 ಹಾಕಿ ನೋಂದಣಿ ನವೀಕರಿಸಬೇಕು.

ಸಕಲೇಶಪುರದವನು:
ತುಂಬಾ ಥ್ಯಾಂಕ್ಸ್. ಸಾಮಾನು ಎಲ್ಲಿ ಸಿಗುತ್ತೆ? ಫೋರ್ ವ್ಹೀಲ್ ಹೇಗೆ ಟೆಸ್ಟ್ ಮಾಡೋದು?

ಹಳೇಗೇರ್:
ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಕೇಳಿ, ಹಳೇ ಪಾರ್ಟ್ ಕೈಯಲ್ಲೇ ಹಿಡ್ಕೊಂಡು ಹೋಗಿ. ಟೆಸ್ಟ್ ಮಣ್ಣಿನ ದಾರಿಯಲ್ಲೇ ಮಾಡಿ, ಒಣ ಟಾರಿನಲ್ಲಿ ಫೋರ್ ವ್ಹೀಲ್ ಹಾಕಿಕೊಂಡು ತಿರುವಿಗೆ ಹೋದರೆ ಹಿಂದೆ ಮುಂದೆ ಚಕ್ರ ಬೇರೆ ಬೇರೆ ದೂರ ಓಡಿ ಗೇರಿಗೆ ಏಟು ಬೀಳುತ್ತೆ.