ಹೊರದೇಶದ ವಸ್ತುಸಂಗ್ರಹಾಲಯಗಳಲ್ಲಿರುವ ನಮ್ಮ ಶಿಲ್ಪಗಳು ಮರಳಿ ಬರಬೇಕೇ?

ಪ್ರಶ್ನೆ: ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಆಂಧ್ರದ ಅಮರಾವತಿಯ ಬೌದ್ಧ ಸ್ತೂಪದ ಶಿಲ್ಪಗಳನ್ನು ನೋಡಿ ಬಂದೆ. ಅವು ಭಾರತಕ್ಕೆ ಸೇರಬೇಕಾದವು ಎಂದು ನನಗೆ ಅನ್ನಿಸಿತು. ಅಲ್ಲಿಗೆ ಒಯ್ಯದಿದ್ದರೆ ಅವು ಉಳಿಯುತ್ತಲೇ ಇರಲಿಲ್ಲ ಎಂಬುದು ಜೊತೆಗಿದ್ದ ಸ್ನೇಹಿತರ ವಾದ. ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುವ ತಮ್ಮ ಅಭಿಪ್ರಾಯವೇನು, ಸರ್?

ಉತ್ತರ: ತಮ್ಮ ಸ್ನೇಹಿತರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಜಮೀನ್ದಾರರು ಹೊಸ ಕಟ್ಟಡಗಳಿಗಾಗಿ ಸ್ತೂಪದ ದಿಬ್ಬವನ್ನು ಅಗೆಸಿ ಕಲ್ಲು ತೆಗೆಸಿದರು. ಸುಣ್ಣದ ಕಲ್ಲಾದ್ದರಿಂದ ಕೆತ್ತನೆಯಿದ್ದ ಎಷ್ಟೋ ಫಲಕಗಳು ಗೂಡಿನಲ್ಲಿ ಬೆಂದು ಗೋಡೆಯ ಸುಣ್ಣವಾಗಿಹೋದವು. ಆದರೆ ಲಂಡನ್ನಿಗೆ ಹೋದ ಫಲಕಗಳಲ್ಲಿ ಬಹುಪಾಲನ್ನು 1845ರಲ್ಲಿ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಅಗೆಸಿ ತೆಗೆದು ಮದ್ರಾಸಿಗೆ ಸಾಗಿಸಿದ್ದರು. 1859ರಲ್ಲಿ ಅವು ಹಡಗೇರುವ ಹೊತ್ತಿಗೆ ಸುಣ್ಣದ ಗೂಡಿನ ಭಯ ಕಳೆದು ವರ್ಷಗಳಾಗಿದ್ದವು. ಮದ್ರಾಸಿನಲ್ಲಿ ಅವು ಬಿಸಿಲು ಮಳೆಗೆ ಬಿದ್ದಿದ್ದುದು ನಿಜ. ಅದಕ್ಕೆ ಬೇಕಿದ್ದದ್ದು ಒಂದು ಸೂರು. ಆಮೇಲೆ ಸಿಕ್ಕ ಫಲಕಗಳು ಚೆನ್ನೈನ ಎಗ್ಮೋರ್ ಮ್ಯೂಸಿಯಂನಲ್ಲಿ ಇಂದಿಗೂ ಇವೆ. ಹಿಂದೆ ಕಾಪಾಡಿದ್ದೇ ಇಂದು ಇಟ್ಟುಕೊಳ್ಳುವ ಹಕ್ಕಾಗುತ್ತದೆಂದು ನಾನು ಒಪ್ಪುವುದಿಲ್ಲ. ಒಂದೇ ಸ್ತೂಪದ ಭಾಗಗಳು ಒಂದೆಡೆ ಸೇರಬೇಕು. ಅಡ್ಡಿಯಿರುವುದು ಅಲ್ಲಿನ ಕಾನೂನಿನಲ್ಲಿ: ಕೆಲವೇ ಸಂದರ್ಭಗಳನ್ನು ಬಿಟ್ಟರೆ, 1963ರ ಬ್ರಿಟಿಷ್ ಮ್ಯೂಸಿಯಂ ಕಾಯ್ದೆಯ ಪ್ರಕಾರ ಸಂಗ್ರಹದ ವಸ್ತುಗಳನ್ನು ಕೊಟ್ಟುಬಿಡುವ ಅಧಿಕಾರ ಟ್ರಸ್ಟಿಗಳಿಗೆ ಇಲ್ಲ. ಅಥೆನ್ಸಿನ ಪಾರ್ಥೆನಾನ್ ದೇಗುಲದ ಶಿಲ್ಪಗಳನ್ನು ಮರಳಿ ಕೇಳುತ್ತಿರುವ ಗ್ರೀಸ್ ದೇಶಕ್ಕೂ ಎದುರಾಗಿರುವುದು ಇದೇ ಕಾಯ್ದೆ.

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ನಮ್ಮೂರಿನ ಗುಡಿಯ ಪಂಚಲೋಹದ ಮೂರ್ತಿ ಕಳುವಾಗಿ ವಿದೇಶ ಸೇರಿದರೆ ಅದನ್ನೂ ಮರೆತುಬಿಡಬೇಕೇ?

ಉತ್ತರ: ಖಂಡಿತ ಇಲ್ಲ. ಇತ್ತೀಚಿನ ಕಳವಿನ ವಿಷಯದಲ್ಲಿ ದಾಖಲೆಯಿದ್ದರೆ ಗೆಲ್ಲಬಹುದು. ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ಗ್ರಾಮದ ಶಿವಾಲಯದಿಂದ 2006ರಲ್ಲಿ ಚೋಳರ ಕಾಲದ ನಟರಾಜ ಕಳುವಾಯಿತು. ಪೂಜೆ ನಿಂತಿದ್ದ ಗುಡಿಯಾದ್ದರಿಂದ, 2008ರಲ್ಲಿ ಅಧಿಕಾರಿಗಳು ಬಾಗಿಲು ತೆರೆಸುವವರೆಗೆ ಯಾರಿಗೂ ತಿಳಿಯಲಿಲ್ಲ. ಅದೇ ವರ್ಷ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿಯು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್‌ನಿಂದ ಅದನ್ನು 50 ಲಕ್ಷ ಅಮೆರಿಕನ್ ಡಾಲರಿಗೆ ಕೊಂಡಿತ್ತು. ಇಂಥ ವಸ್ತುಗಳನ್ನು ಹೊರದೇಶಕ್ಕೆ ಒಯ್ಯುವುದನ್ನು ನಿರ್ಬಂಧಿಸುವ 1972ರ ನಮ್ಮ ಪುರಾತನ ವಸ್ತುಗಳ ಕಾಯ್ದೆಗೆ ಮೊದಲೇ ಅದು ಭಾರತ ಬಿಟ್ಟಿತ್ತೆಂಬ ಸುಳ್ಳು ಕಾಗದಪತ್ರವೂ ಜೊತೆಗಿತ್ತು. ಆ ಸುಳ್ಳನ್ನು ಬಯಲು ಮಾಡಿದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಗ್ರಹದಲ್ಲಿದ್ದ, ಗುಡಿಯೊಳಗೇ ತೆಗೆದ ಹಳೆಯ ಫೋಟೋ. 2014ರ ಸೆಪ್ಟೆಂಬರಿನಲ್ಲಿ ಮೂರ್ತಿ ಭಾರತಕ್ಕೆ ಮರಳಿತು. ಆದರೂ ಅದನ್ನು ಇರಿಸಿದ್ದು ಕುಂಭಕೋಣದ ಸರ್ಕಾರಿ ವಿಗ್ರಹ ಕೇಂದ್ರದಲ್ಲಿ ಎಂಬುದು ನನಗೆ ನೋವಿನ ಸಂಗತಿ. ಗುಡಿಗೆ ಭದ್ರತೆ ಒದಗಿಸಿ ಅಲ್ಲಿಯೇ ಪ್ರತಿಷ್ಠಾಪಿಸಬೇಕಿತ್ತು.

ಆದ್ದರಿಂದ ತಾವು ಇಂದೇ ಅರ್ಚಕರನ್ನು ಕೇಳಿಕೊಂಡು, ಅಭಿಷೇಕ ಮುಗಿದು ಅಲಂಕಾರ ಆಗುವ ಮೊದಲು, ಹೂವು ವಸ್ತ್ರಗಳಿಲ್ಲದ ಮೂರ್ತಿಯ ಫೋಟೋವನ್ನು ನಾಲ್ಕೂ ಕಡೆಯಿಂದ ತೆಗೆಸಿ. ಪಕ್ಕದಲ್ಲೊಂದು ಅಳತೆಪಟ್ಟಿ ಇರಲಿ. ಮುಕ್ಕಾದ ಬೆರಳು, ಬೆಸುಗೆಯ ಗುರುತು, ಪೀಠದ ಮೇಲಿನ ಅಕ್ಷರಗಳನ್ನು ಹತ್ತಿರದಿಂದ ಬೇರೆಯಾಗಿ ತೆಗೆಸಿ, ಏಕೆಂದರೆ ಒಂದೇ ಶೈಲಿಯ ಎರಡು ಮೂರ್ತಿಗಳನ್ನು ಬೇರ್ಪಡಿಸಿ ತೋರಿಸುವುದು ಇಂಥ ಕುರುಹುಗಳೇ. ಒಂದು ಪ್ರತಿ ಗುಡಿಯ ಹೊರಗೆ ಭದ್ರವಾಗಿರಲಿ. ಮೂರ್ತಿ ಕಾಣದಾದರೆ ಊರಿನ ಮರ್ಯಾದೆಯ ಪ್ರಶ್ನೆಯೆಂದು ಮುಚ್ಚಿಡದೆ ಅಂದೇ ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ದಾಖಲಿಸಿ, ಆ ಫೋಟೋಗಳನ್ನು ದೂರಿನ ಜೊತೆಗೇ ಕೊಡಿ.