ಎರಿ (ಕಪ್ಪು) ಮಣ್ಣು ಮೆತ್ತಿದ ಬಿಳಿ ಕ್ಯಾನ್ವಾಸ್ ಬೂಟು: ಹಳದಿ ಕಲೆ ತೆಗೆಯುವುದು ಹೇಗೆ?

ವಿದ್ಯಾನಗರದ ತಾಯಿ, ಹುಬ್ಬಳ್ಳಿ
ಸೀಗಿ ಹುಣ್ಣಿಮೆಗೆ ಅಣ್ಣಿಗೇರಿ ಕಡೆ ತವರಿನ ಹೊಲಕ್ಕೆ ಚರಗ (ಬೆಳೆಗೆ ಕೊಡುವ ಎಡೆ) ಚೆಲ್ಲಲು ಹೋಗಿದ್ದೆವು. ಹಿಂದಿನ ರಾತ್ರಿ ಮಳೆ ಬಂದಿತ್ತು. ಮಗಳು ಶನಿವಾರದ ಪಿ.ಟಿ.ಗೆ ಹಾಕುವ ಬಿಳಿ ಕ್ಯಾನ್ವಾಸ್ ಬೂಟಿನಲ್ಲೇ ಬದು ಇಳಿದು ಹತ್ತಿ ಸಾಲಿಗೆ ಹೋದಳು. ಎರಿ ಮಣ್ಣು ಗೊತ್ತಲ್ವಾ, ಹೆಜ್ಜೆಗೊಂದು ಪದರ ಮೆತ್ತಿಕೊಳ್ಳುತ್ತದೆ.

ಮನೆಗೆ ಬಂದವಳೇ ಹಸಿ ಇರುವಾಗಲೇ ಬ್ರಷ್ ಹಾಕಿ ತಿಕ್ಕಿದೆ. ಮಣ್ಣು ಬೂದು ಬಣ್ಣವಾಗಿ ಬಟ್ಟೆಯೊಳಗೇ ಇಳಿಯಿತು. ಆಮೇಲೆ ಬ್ಲೀಚಿಂಗ್ ನೀರಲ್ಲಿ ಅರ್ಧ ತಾಸು ನೆನೆಸಿ ತಾರಸಿ ಮೇಲೆ ಬಿಸಿಲಿಗೆ ಇಟ್ಟೆ. ಈಗ ರಬ್ಬರ್ ಅಂಚಿನ ಮೇಲೆ ಬೆರಳಗಲ ಹಳದಿ ಕಲೆ. ನಳಕ್ಕೆ ನೀರು ಬಂದು ನಾಲ್ಕು ದಿನ ಆಗಿತ್ತು. ಬೋರ್ ನೀರಲ್ಲಿ ಒಂದೇ ಸಲ ಜಾಲಿಸಿದ್ದೆ. ಬೂಟು ನಮ್ಮಪ್ಪ ಮೊಮ್ಮಗಳಿಗೆ ಕೊಡಿಸಿದ್ದು, ಬಿಸಾಡಲು ಮನಸ್ಸಿಲ್ಲ. ಏನು ಮಾಡಲಿ?

ನಿವೃತ್ತ ಪಿ.ಟಿ. ಮಾಸ್ತರ, ಧಾರವಾಡ
ತಂಗಿ, ಬೂಟು ಉಳಿಯುತ್ತದೆ. ಎರಿ ಮಣ್ಣು ಹಸಿ ಇದ್ದಾಗ ಉಬ್ಬಿ ಅಂಟಿನಂತೆ ಹಿಡಿಯುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲ ಬಿರುಕು ಬಿಡುವುದೂ ಇದಕ್ಕೇ. ಹಾಗಾಗಿ ಮುಂದಿನ ಸಲ ಪೂರ್ತಿ ಒಣಗಲು ಬಿಡು. ಎರಡೂ ಬೂಟು ಒಂದಕ್ಕೊಂದು ಬಡಿದರೆ ಹೆಂಟೆ ಹೆಂಟೆಯಾಗಿ ಉದುರುತ್ತದೆ. ಧಾರವಾಡದ ಕಡೆಯ ಕೆಂಪು ಮಣ್ಣು ಬೇರೆ ತರಹ, ಅದು ಉದುರಿದ ಮೇಲೂ ಬಣ್ಣ ಬಿಟ್ಟು ಹೋಗುತ್ತದೆ.

ಹಳದಿ ಬಂದಿದ್ದು ಒಳಗೆ ಉಳಿದ ಬ್ಲೀಚಿಂಗ್‌ನಿಂದ. ಬಟ್ಟೆ ಒಣಗುವಾಗ ಅದು ನೀರಿನ ಜೊತೆ ಮೇಲೆ ಬಂದು ಅಂಚಿನಲ್ಲಿ ನಿಲ್ಲುತ್ತದೆ. ಮೊದಲು ನಳದ ನೀರಲ್ಲಿ ನಾಲ್ಕೈದು ಸಲ ಜಾಲಿಸು, ಬ್ಲೀಚಿಂಗ್ ವಾಸನೆ ಪೂರ್ತಿ ಹೋಗಬೇಕು. ಇದು ಮುಖ್ಯ. ಬ್ಲೀಚಿಂಗ್ ಇದ್ದಾಗಲೇ ವಿನೆಗರ್ ಬಿದ್ದರೆ ವಿಷದ ಗಾಳಿ ಏಳುತ್ತದೆ.

ಬೂದು ಬಣ್ಣ ಇರುವಲ್ಲಿ ಒಂದು ಚಮಚ ಅಡುಗೆ ಸೋಡಾಕ್ಕೆ ಸ್ವಲ್ಪ ಸೋಪಿನ ನೀರು ಕಲಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ನೇಯ್ಗೆಯ ಗುಂಟ ತಿಕ್ಕು. ಕುದಿಯುವ ನೀರು ಬೇಡ, ಅಡಿಯ ಅಂಟು ಬಿಡುತ್ತದೆ. ಸೋಪು ಹೋಗುವವರೆಗೆ ಜಾಲಿಸಿ, ಕೊನೆಗೆ ಒಂದು ತಂಬಿಗೆ ನೀರಿಗೆ ಎರಡು ಚಮಚ ವಿನೆಗರ್ ಹಾಕಿ ಅದ್ದಿ ತೆಗೆ. ಹಸಿ ಇರುವಾಗಲೇ ಹಳೆ ಬಿಳಿ ಧೋತರದ ತುಂಡು ಬಿಗಿಯಾಗಿ ಸುತ್ತಿ ನೆರಳಲ್ಲಿ ಇಡು. ಹಳದಿ ಕಲೆ ಧೋತರಕ್ಕೆ ಬರುತ್ತದೆ.

ಗದಗಿನ ಹುಡುಗಿ
ಅಕ್ಕಾ, ಲೇಸು ಮತ್ತು ಒಳಗಿನ ಅಟ್ಟೆ ಬೇರೆ ತೆಗೆದು ತೊಳೆಯಿರಿ. ಒಣಗುವಾಗ ಒಳಗೆ ನೋಟುಬುಕ್ಕಿನ ಖಾಲಿ ಹಾಳೆ ತುರುಕಿ. ಪೇಪರ್ ತುಂಬಿ ನನ್ನ ಬೂಟಿಗೆ ಅಚ್ಚಿನ ಮಸಿ ಹತ್ತಿತ್ತು.

ವಿದ್ಯಾನಗರದ ತಾಯಿ, ಹುಬ್ಬಳ್ಳಿ
ಸರ್, ನಿನ್ನೆ ನೀರು ಬಂತು, ಹೇಳಿದಂತೆ ಮಾಡಿದೆ. ಫ್ಯಾನ್ ಕೆಳಗೆ ಎರಡು ದಿನ ಒಣಗಿಸಬೇಕು ಅಂದುಕೊಂಡಿದ್ದೆ, ಬೆಳಿಗ್ಗೆ ತಡೆಯಲಾಗದೆ ಧೋತರ ಬಿಚ್ಚಿ ನೋಡಿದೆ. ಬಟ್ಟೆಯ ಮೇಲೆ ಅಂಚಿನ ಆಕಾರದಲ್ಲೇ ಚಹಾ ಬಣ್ಣದ ಗೆರೆ! ಬೂಟು ಬೆಳ್ಳಗಾಗಿದೆ. ಎಡಗಾಲಿನ ಹಿಮ್ಮಡಿ ಹತ್ತಿರ ಮಾತ್ರ ಬೂದು ಉಳಿದಿದೆ. ಇನ್ನೊಮ್ಮೆ ಸೋಡಾ ಹಚ್ಚಲೇ?

ನಿವೃತ್ತ ಪಿ.ಟಿ. ಮಾಸ್ತರ, ಧಾರವಾಡ
ಬೇಡ ತಂಗಿ, ಜಾಸ್ತಿ ತಿಕ್ಕಿದರೆ ನೂಲು ಏಳುತ್ತದೆ. ಪೂರ್ತಿ ಒಣಗಿದ ಮೇಲೆ ಅಲ್ಲಿ ಬಿಳಿ ಚಾಕ್‌ಪೀಸ್ ತೀಡಿ ಶಾಲೆಗೆ ಕಳಿಸು.