ಹೆಸರಿಗೊಂದು ಬಾಲ

"ಸಂಖ್ಯಾಶಾಸ್ತ್ರದವರು ಹೇಳಿದಾರೆ ರಾಯರೇ, ಸ್ಪೆಲ್ಲಿಂಗಿಗೆ ಇನ್ನೊಂದು 'ಇ' ಸೇರಿಸಿದ್ರೆ ದೆಸೆ ತಿರುಗುತ್ತಂತೆ," ಅಂದ ಸೀನ.

ರಾಯರು ಕಾಫಿ ಲೋಟ ಕೆಳಗಿಟ್ಟರು. "ಒಂದಕ್ಷರ ಯಾವ ಮೂಲೆಗೋ? ಆಫ್ರಿಕಾದ ಕಾಂಗೋ ದೇಶ ಆಳ್ತಿದ್ದ ಸರ್ವಾಧಿಕಾರಿ, ಜೋಸೆಫ್ ದೇಸಿರೆ ಮೊಬುಟು ಅಂತಿದ್ದೋನು, 1972ರಲ್ಲಿ ಮೊಬುಟು ಸೆಸೆ ಸೆಕೊ ಕುಕು ಎನ್‌ಗ್ಬೆಂಡು ವಾ ಜಾ ಬಂಗಾ ಆದ."

"ಉಸಿರು ಬಿಡಿ! ರೇಷನ್ ಕಾರ್ಡಲ್ಲಿ ಹಿಡಿಸ್ತಿತ್ತಾ?" ಅಂದಳು ಪದ್ದಕ್ಕ.

"ಹಿಡಿಸದವರನ್ನ ಕೇಳೋರ‍್ಯಾರು? 1965ರಲ್ಲಿ ಸೇನೆ ಕಟ್ಕೊಂಡು ಗದ್ದುಗೆ ಏರಿದೋನು. 1971ರಲ್ಲಿ ಕಾಂಗೋನ ಜೈರ್ ಮಾಡಿ, ಅಪ್ಪಟ ನಮ್ಮ ಹೆಸರು ಅಂತ ಡಂಗುರ ಹೊಡೆಸಿದ. ಅಲ್ಲಿನವರು ನದಿಗೆ ಅಂತಿದ್ದದ್ದು 'ಎನ್‌ಜಾದಿ'. ಪೋರ್ಚುಗೀಸರ ನಾಲಿಗೆ ಹೊರಳದೆ ಅದು ಜೈರ್ ಆಗಿತ್ತು. ಪರದೇಶಿ ತೊದಲಿಗೆ ಸ್ವದೇಶಿ ನಾಮಕರಣ!"

"ಜನರ ಹೆಸರು?"

"ಬಿಟ್ಟಾನೆಯೇ! ಮಗುವಿಗೆ ಯುರೋಪಿನ ಹೆಸರಿಟ್ಟ ಪಾದ್ರಿಗೆ ಐದು ವರ್ಷ ಜೈಲು ಅಂದ. ಕೋಟು, ಟೈ ಬಂದ್. ಬದಲಿಗೆ 'ಅಬಾಕೊಸ್ತ್': ಮಾವೋ ಕೋಟಿನಂಥದ್ದು, ಒಳಗೆ ಶರ್ಟಿಲ್ಲ, ಕುತ್ತಿಗೆಗೆ ಬೇಕಿದ್ರೆ ಒಂದು ವಸ್ತ್ರ. ಸೂಟಿಗೆ ಧಿಕ್ಕಾರ ಅಂತ ಅರ್ಥ. ಧಿಕ್ಕಾರ ಮಾತ್ರ ಫ್ರೆಂಚಲ್ಲಿ."

"ಅಂಗಡಿ ಮುಂಗಟ್ಟಾದ್ರೂ ಅವರದ್ದಾಯ್ತಲ್ಲ?" ಸೀನ ಬಿಡಲಿಲ್ಲ.

"ಆಯ್ತು! 1973ರ ನವೆಂಬರಲ್ಲಿ ಗ್ರೀಕರ, ಪೋರ್ಚುಗೀಸರ ಅಂಗಡಿ, ತೋಟ ಕಿತ್ಕೊಂಡು ಬೇಕಾದವರಿಗೆ ಹಂಚಿದ. ಪಡೆದವರಿಗೆ ಸರಕು ತರಿಸೋದು ಗೊತ್ತಿಲ್ಲ, ಉದ್ದರಿ ಕೊಡೋ ಸಗಟು ವ್ಯಾಪಾರಿ ಗೊತ್ತಿಲ್ಲ. ಇದ್ದ ದಾಸ್ತಾನು ಮಾರಿ, ಗಲ್ಲಾ ಖಾಲಿ ಮಾಡಿ ಬಾಗಿಲು ಹಾಕಿದ್ರು. ಮರುವರ್ಷ ತಾಮ್ರದ ಬೆಲೆ ಬೇರೆ ಬಿತ್ತು, ದೇಶ ನಡೀತಿದ್ದದ್ದೇ ತಾಮ್ರದ ಮೇಲೆ. ಆಮೇಲೆ ಹಳೇ ಯಜಮಾನರನ್ನೇ 'ಬನ್ನಿ ಸ್ವಾಮಿ' ಅಂತ ಕರೆದ. ದುಡ್ಡಿನ ಹೆಸರೂ ಜೈರೇ. 1967ರಲ್ಲಿ ಒಂದು ಜೈರ್‌ಗೆ ಎರಡು ಡಾಲರ್. 1993ರ ಹೊತ್ತಿಗೆ ಮೂವತ್ತು ಲಕ್ಷ ಜೈರ್ ಕೊಟ್ರೆ ಒಂದು 'ಹೊಸ ಜೈರ್'. ನೋಡು, ಅಲ್ಲೂ ಅದೇ ಔಷಧಿ. ಹೆಸರಿಗೊಂದು ಬಾಲ!"

ಪದ್ದಕ್ಕ ನಕ್ಕಳು. "ಕೊನೆಗೆ?"

"1997ರ ಮೇನಲ್ಲಿ ಓಡಿಹೋದ, ಸೆಪ್ಟೆಂಬರಲ್ಲಿ ಮೊರಾಕೊದ ರಬಾತ್‌ನಲ್ಲಿ ಸತ್ತ. ದೇಶ ಮತ್ತೆ ಕಾಂಗೋ ಆಯ್ತು."

"ಇಟ್ಟ ಹೆಸರು ಒಂದೂ ಉಳೀಲಿಲ್ವಾ?"

"ಉಳೀತು. 1966ರಲ್ಲಿ ಲಿಯೊಪೋಲ್ಡ್‌ವಿಲ್ ಅನ್ನೋದನ್ನ ಕಿನ್ಶಾಸಾ ಮಾಡಿದ್ನಲ್ಲ, ಅದು. ಬೆಲ್ಜಿಯಂ ದೊರೆಯ ಹೆಸರು ತೆಗೆದು, ಅಲ್ಲೇ ಇದ್ದ ಹಳೇ ಹಳ್ಳಿಯ ಹೆಸರಿಟ್ಟ. ಹಳೇದು ವಾಪಸ್ ಬೇಕು ಅಂತ ಯಾರೂ ಹಟ ಹಿಡೀಲಿಲ್ಲ." ರಾಯರು ಲೋಟ ತಿರುಗಿಸುತ್ತಾ ಕೂತರು. "ಲಿಸಾಲಾ ಅನ್ನೋ ಊರಲ್ಲಿ ಹುಟ್ಟಿದ ಅಡುಗೆಯವನ ಮಗ ಕಣೋ ಅವನು. ಮಣ್ಣಾದದ್ದು ರಬಾತ್‌ನಲ್ಲಿ."

ಯಾರೂ ಮಾತಾಡಲಿಲ್ಲ. ಪದ್ದಕ್ಕ ಡಿಕಾಕ್ಷನ್ನಿಗೆ ನೀರಿಡಲು ಎದ್ದಳು.

"ಫೀಸು ಕೊಟ್ಟಾಗಿದೆ ರಾಯರೇ," ಅಂದ ಸೀನ, ಮೆಲ್ಲಗೆ.